ನಾಯಿಗಳ ಕಿರ್ದಿ

ನಮ್ಮ ಮನೆಯಲ್ಲಿ ತೀರಿಹೋದ ಹಿರಿಯರ ತಿಥಿಗಳು ಎಲ್ಲರಿಗೂ ಬಾಯಿಪಾಠ. ಯಾವ ಹಸು ಯಾವ ಹಸುವಿನ ಕರು ಎಂಬುದನ್ನು ಆಯಿ ಮೂರು ತಲೆಮಾರಿನವರೆಗೆ ತಡವರಿಸದೆ ಹೇಳುತ್ತಾಳೆ. ನಾಯಿಗಳ ವಿಷಯಕ್ಕೆ ಬಂದರೆ ಮಾತ್ರ ಎಲ್ಲವೂ ಕಲಸುಮೇಲೋಗರ. ಒಂದರ ಬಾಲ ಇನ್ನೊಂದಕ್ಕೆ, ಒಂದರ ಸಾವು ಮತ್ತೊಂದಕ್ಕೆ. ಅಣ್ಣ ಹೇಳುವ ಕಾಳುವೂ ಕುಮಟಾ ಅತ್ತೆ ಹೇಳುವ ಕಾಳುವೂ ಒಂದೇ ನಾಯಿಯಲ್ಲ ಎಂಬುದು ಹೊರಬಿದ್ದದ್ದು ಈಚೆಗೆ, ಅವರಿಬ್ಬರೂ ಫೋನಿನಲ್ಲಿ ಜೋರಾಗಿ ವಾದಿಸಿದ ಮೇಲೆ. ಒಬ್ಬರದು ಕಿವಿ ಮಡಿಚಿದ ಹೆಣ್ಣು, ಇನ್ನೊಬ್ಬರದು ಎದೆಯ ಮೇಲೆ ಬಿಳಿ ಮಚ್ಚೆಯಿದ್ದ ಗಂಡು. ಕಪ್ಪು ನಾಯಿಗೆಲ್ಲ ಕಾಳು ಎಂದೇ ಹೆಸರಿಡುವ ಮನೆಯಲ್ಲಿ ಇನ್ನೇನಾದೀತು!

ಇದನ್ನೆಲ್ಲ ಕೆದಕಿದವಳು ಅಣ್ಣನ ಮಗಳು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಓದುತ್ತಿದ್ದಾಳೆ. ರಜೆಗೆ ಊರಿಗೆ ಬಂದವಳು, “ಅತ್ತೆ, ನಮ್ಮ ಮನೆಯ ನಾಯಿಗಳೆಲ್ಲ ಏನಾಗಿ ಸತ್ತವು?” ಎಂದು ಕೇಳಿದಳು. ಒಂದು ಚಿರತೆಗೆ ಹೋಯಿತು, ಒಂದಕ್ಕೆ ಹುಚ್ಚು ಹಿಡಿಯಿತು, ಉಳಿದವು ಹೀಗೇ ಹೋದವು ಎಂದೆ. “ಹೀಗೇ ಅಂದರೆ?” ಎಂದಳು. ಅದಕ್ಕೆ ನನ್ನಲ್ಲಾಗಲಿ ಅಣ್ಣನಲ್ಲಾಗಲಿ ಉತ್ತರವಿರಲಿಲ್ಲ. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ರಿಜಿಸ್ಟರಿನಲ್ಲಿ ಖಾಲಿ ಮನೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಒಂದು ಉದ್ದ ಪುಸ್ತಕ ತಂದು ಗೆರೆ ಎಳೆದು ಕುಳಿತೆ.

ಮೊದಲು ಎದುರಾದ ತೊಡಕು ಇಸವಿಯದು. ನಾಯಿ ಬಂದ ವರ್ಷ ಯಾವುದು ಎಂದರೆ ಯಾರೂ ಅಂಕಿಯಲ್ಲಿ ಹೇಳುವುದಿಲ್ಲ. ಶಿರಸಿ ಸೀಮೆಯವರಿಗೆ ಇದಕ್ಕೊಂದು ಒಳ್ಳೆಯ ಉಪಾಯವಿದೆ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆದ್ದರಿಂದ ಯಾವ ಘಟನೆಯೂ ಜಾತ್ರೆಯಿದ್ದ ವರ್ಷದ್ದು ಇಲ್ಲವೇ ಜಾತ್ರೆಯಿಲ್ಲದ ವರ್ಷದ್ದು. ಅಷ್ಟು ಸಿಕ್ಕಿದರೆ ಅರ್ಧ ಗೆದ್ದಂತೆ. “ಜಾತ್ರೆಯಲ್ಲಿ ಅದಕ್ಕೊಂದು ಗೆಜ್ಜೆ ತಂದಿದ್ದೆವು” ಎಂದು ಅಣ್ಣ ಹೇಳಿದ ಕೂಡಲೇ ಅರ್ಧದಷ್ಟು ವರ್ಷಗಳನ್ನು ಹೊಡೆದುಹಾಕಬಹುದು. ಉಳಿದವುಗಳನ್ನು ಗುರುತಿಸಲು ಬೇರೆ ಗೂಟಗಳು ಬೇಕು. ಸಾಲ್ಕಣಿಯ ಕಡೆ ಮರಗಳನ್ನು ಅಪ್ಪಿಕೊಂಡ ಅಪ್ಪಿಕೋ ಚಳವಳಿ ಶುರುವಾದದ್ದು 1983ರ ಸೆಪ್ಟೆಂಬರಿನಲ್ಲಿ. ಆ ಮಳೆಗಾಲದಲ್ಲಿ ಮನೆಯಲ್ಲಿ ಬೊಗ್ಗ ಇದ್ದ ಎಂಬುದು ಅಣ್ಣನಿಗೆ ಖಚಿತ. ಆಯಿಯ ಗೂಟಗಳು ಕೊಟ್ಟಿಗೆಯವು. “ಗೌರಿ ಎರಡನೆಯ ಕರು ಹಾಕಿದಾಗ ಜಿಮ್ಮಿ ಮರಿ” ಎನ್ನುತ್ತಾಳೆ. ಗೌರಿ ಎರಡನೆಯ ಕರು ಹಾಕಿದ್ದು ಯಾವಾಗ ಎಂದರೆ, “ಜಿಮ್ಮಿ ಬಂದ ವರ್ಷ” ಎನ್ನುತ್ತಾಳೆ. ಅಲ್ಲಿಗೆ ಮುಗಿಯಿತು.

ಕೊನೆಗೆ ನಂಬಿಕೆಗೆ ಅರ್ಹವಾಗಿ ಸಿಕ್ಕಿದ್ದು ಅಪ್ಪಯ್ಯನ ಕಿರ್ದಿ ಪುಸ್ತಕಗಳು. ಅಡಿಕೆ ಮಾರಿ ಬಂದ ಹಣದಿಂದ ಹಿಡಿದು ಬೆಂಕಿಪೆಟ್ಟಿಗೆಯವರೆಗೆ ಎಲ್ಲವನ್ನೂ ಬರೆದಿಟ್ಟ ಮನುಷ್ಯ. ನಾಯಿಗೆ ಹೆಸರಿಟ್ಟು ಕರೆಯುವುದು ಅವನಿಗೆ ಒಗ್ಗುತ್ತಿರಲಿಲ್ಲ. ಬರವಣಿಗೆಯಲ್ಲೂ ‘ನಾಯಿ’ ಅಷ್ಟೇ. ‘ನಾಯಿ ಸರಪಳಿ’, ‘ನಾಯಿ ಬಗ್ಗೆ ಉಪ್ಪು, ಹೊಗೆಸೊಪ್ಪು’, ‘ನಾಯಿ ಕಚ್ಚಿದ ಬಗ್ಗೆ ಕೆಲಸದವನಿಗೆ ಕೊಟ್ಟಿದ್ದು’. ಹುಳ ತಿಂದ ಪುಟಗಳನ್ನು ಬಿಟ್ಟರೂ ಅಲ್ಲಲ್ಲಿ ನಾಯಿಯ ಹೆಜ್ಜೆ ಕಾಣಿಸುತ್ತದೆ. ಸೊಸೆಗೆ, ಅಂದರೆ ಅಣ್ಣನ ಮಗಳಿಗೆ, ಇದು ಬಹಳ ಹಿಡಿಸಿತು. ರೋಗಿಯ ಹಳೆಯ ಚೀಟಿಗಳನ್ನು ಓದುವ ಉತ್ಸಾಹದಲ್ಲಿ ಅವಳು ಬೂದಿಬಣ್ಣದ ಆ ಪುಟಗಳನ್ನು ತಿರುವಿದಳು.

ಫೋಟೋಗಳಿಂದ ಹೆಚ್ಚು ಪ್ರಯೋಜನವಾಗಲಿಲ್ಲ. ಆ ಕಾಲದಲ್ಲಿ ಫೋಟೋ ತೆಗೆಯುತ್ತಿದ್ದದ್ದು ಮದುವೆ, ಮುಂಜಿಗಳಲ್ಲಿ ಮಾತ್ರ. ನಾಯಿಯನ್ನು ಎದುರಿಗೆ ಕೂರಿಸಿ ಫಿಲ್ಮ್ ಖರ್ಚು ಮಾಡುವಷ್ಟು ಹಣ ಯಾರ ಹತ್ತಿರ ಇತ್ತು? ಆದ್ದರಿಂದ ನಮ್ಮ ನಾಯಿಗಳೆಲ್ಲ ಚಿತ್ರದ ಅಂಚಿನಲ್ಲಿವೆ. ಅಣ್ಣನ ಮುಂಜಿಯ ಫೋಟೋದಲ್ಲಿ ಭಟ್ಟರ ಪಂಚೆಯ ಹಿಂದೆ ಒಂದು ಹಿಂಗಾಲು. ದೊಡ್ಡಪ್ಪನ ಷಷ್ಟ್ಯಬ್ದಿಯದರಲ್ಲಿ ಅಂಗಳದ ತುದಿಗೆ ಒಂದು ಮಸುಕು ಗೆರೆ, ಅದು ಅಲ್ಲಾಡುತ್ತಿದ್ದ ಬಾಲವಂತೆ. ಮಲೆನಾಡಿನ ಮಳೆಗಾಲದಲ್ಲಿ ಬೂಸ್ಟು ಹಿಡಿದು ಅರ್ಧದಷ್ಟು ಫೋಟೋಗಳು ಗಾಜಿಗೆ ಅಂಟಿಕೊಂಡಿದ್ದವು. ಎಬ್ಬಿಸಲು ಹೋದರೆ ಮುಖವೇ ಕಿತ್ತುಬರುತ್ತದೆ. ಅವನ್ನು ಗಾಜಿನ ಮೇಲಿಂದಲೇ, ಬೆಳಕು ಹೊಳೆಯದ ಕೋನದಲ್ಲಿ ಮೊಬೈಲಿನಿಂದ ತೆಗೆದೆವು. ನೆಗೆಟಿವ್‌ಗಳು ಮಾತ್ರ ಚೆನ್ನಾಗಿ ಒದಗಿದವು. ಒಂದು ಮೊಬೈಲಿನ ಪರದೆಯನ್ನು ಪೂರ್ತಿ ಬೆಳ್ಳಗೆ ಮಾಡಿ, ಅದರ ಮೇಲೆ ಸ್ವಲ್ಪ ಎತ್ತರದಲ್ಲಿ ನೆಗೆಟಿವ್ ಹಿಡಿದು, ಇನ್ನೊಂದು ಮೊಬೈಲಿನಲ್ಲಿ ಚಿತ್ರ ತೆಗೆದು ಬಣ್ಣ ತಿರುಗಿಸಿದರೆ ಸಾಕು. ನೆಗೆಟಿವನ್ನು ಪರದೆಗೆ ತಾಗಿಸಿದರೆ ಪರದೆಯ ಚುಕ್ಕಿಗಳು ಮೂಡುತ್ತವೆ, ಅದಕ್ಕೇ ಎತ್ತರ. ಹಾಗೆ ಮಾಡುವಾಗ, ಎಂದೂ ಮುದ್ರಣವೇ ಆಗದಿದ್ದ ಒಂದು ಚಿತ್ರದಲ್ಲಿ ದಾಸು ಪೂರ್ತಿಯಾಗಿ ಸಿಕ್ಕಿದ: ಜಗಲಿಯ ಮೆಟ್ಟಿಲ ಮೇಲೆ ಮುಂಗಾಲು ಇಟ್ಟು, ಒಳಗೆ ಬರಲು ಅಪ್ಪಣೆ ಇಲ್ಲ ಎಂಬುದನ್ನು ಬಲ್ಲ ಮುಖದಲ್ಲಿ.

ನಮ್ಮ ನಾಯಿಗಳು ಜಾತಿನಾಯಿಗಳಲ್ಲ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ತಳಿಗಳ ಅಂಚೆಚೀಟಿ ತಂದಾಗ ಅವುಗಳಲ್ಲಿ ನಮ್ಮ ಕರ್ನಾಟಕದ ಮುಧೋಳ ನಾಯಿಯೂ ಇತ್ತು. ಉದ್ದ ಮೂತಿ, ಒಳಸರಿದ ಹೊಟ್ಟೆ, ಓಡುವುದಕ್ಕೆಂದೇ ಹುಟ್ಟಿದ ಮೈ. ನಾನು ಕೌಂಟರಿನಲ್ಲಿ ಅದನ್ನು ಹರಿದು ಕೊಡುವಾಗೆಲ್ಲ ಬಚ್ಚಲ ಒಲೆಯ ಬೂದಿಯಲ್ಲಿ ಹೊರಳಿ ಎದ್ದು ಬರುತ್ತಿದ್ದ ನಮ್ಮವುಗಳ ನೆನಪಾಗಿ ನಗು ಬರುತ್ತಿತ್ತು. ಅನ್ನ-ಮಜ್ಜಿಗೆ ಉಂಡು, ಅಡಿಕೆ ಹಾಳೆಯನ್ನೇ ತಟ್ಟೆ ಮಾಡಿಕೊಂಡು, ಮಂಗ ಓಡಿಸುವ ಒಂದೇ ಉದ್ಯೋಗದಲ್ಲಿ ಬದುಕಿದ ಊರನಾಯಿಗಳು ಅವು.

ದಾಸುವಿನ ಸಂಗತಿಗೆ ಬರುತ್ತೇನೆ. ಅವನಿಗೆ ಹುಚ್ಚು ಹಿಡಿದಿತ್ತು ಎಂದು ನಾವೆಲ್ಲ ಕೇಳಿಕೊಂಡು ಬಂದಿದ್ದೆವು. ಆದರೆ ಯಾರನ್ನೂ ಕಚ್ಚಲಿಲ್ಲ ಎಂದೂ ಕೇಳಿದ್ದೆವು. ಕಚ್ಚದ ಹುಚ್ಚುನಾಯಿ ಎಂದರೆ ಹೇಗೆ? ಆಯಿ ಹೇಳಿದ್ದು ಇಷ್ಟು: ಬೇಸಿಗೆಯ ಕೊನೆ, ಹಲಸಿನ ಹಣ್ಣಿನ ಕಾಲ. ನಾಯಿ ಬಾಯಿ ತೆರೆದುಕೊಂಡೇ ಕೂತಿತ್ತು, ಜೊಲ್ಲು ಸುರಿಯುತ್ತಿತ್ತು, ನೀರಿಗೆ ಮೂತಿ ಇಟ್ಟರೂ ಕುಡಿಯಲಾಗುತ್ತಿರಲಿಲ್ಲ. ಗಂಟಲಿಗೆ ಹಲಸಿನ ಬೀಜ ಸಿಕ್ಕಿಕೊಂಡಿದೆ ಎಂದುಕೊಂಡು ಅಪ್ಪಯ್ಯ ಅದರ ಬಾಯಿಗೆ ಕೈ ಹಾಕಿ ನೋಡಿದ.

ಅಷ್ಟು ಕೇಳಿದ ಕೂಡಲೇ ಹುಡುಗಿಯ ಮುಖ ಬದಲಾಯಿತು. “ಅದೇ ರೇಬೀಸ್ ಅಜ್ಜಿ, ಮೂಕ ಬಗೆಯದು” ಎಂದಳು. ಎಲ್ಲ ಹುಚ್ಚುನಾಯಿಗಳೂ ರೊಚ್ಚಿಗೆದ್ದು ಓಡುವುದಿಲ್ಲವಂತೆ. ಕೆಲವಕ್ಕೆ ದವಡೆಯ, ಗಂಟಲಿನ ಸ್ನಾಯುಗಳು ಸೋತು ಬಾಯಿ ಜೋಲುತ್ತದೆ. ನೋಡಿದವರಿಗೆ ಏನೋ ಸಿಕ್ಕಿಕೊಂಡಂತೆಯೇ ಕಾಣುತ್ತದೆ. ಸಾಕಿದವರು ಕನಿಕರದಿಂದ ಕೈ ಹಾಕುತ್ತಾರೆ. ವೈರಸ್ ಇರುವುದು ಆ ಜೊಲ್ಲಿನಲ್ಲಿಯೇ. ಹುಚ್ಚುನಾಯಿ ನೀರು ಕಂಡರೆ ಹೆದರುತ್ತದೆ ಎನ್ನುವ ಮಾತನ್ನೂ ಅವಳು ತಿದ್ದಿದಳು. ನೀರಿನ ಭಯ ಮನುಷ್ಯರಲ್ಲಿ ಕಾಣುವ ಲಕ್ಷಣ. ನಾಯಿಗೆ ಭಯವಿಲ್ಲ, ನುಂಗಲಾಗುವುದಿಲ್ಲ ಅಷ್ಟೇ. ದಾಸು ನೀರಿನ ಪಾತ್ರೆಯ ಹತ್ತಿರ ಹೋಗಿ ಹೋಗಿ ಬರುತ್ತಿದ್ದುದನ್ನು ಕಂಡೇ ‘ಹುಚ್ಚಲ್ಲ’ ಎಂದು ಆಗ ಮನೆಯವರು ಧೈರ್ಯ ತಂದುಕೊಂಡಿದ್ದರಂತೆ.

ಮುಂದಿನದನ್ನು ಕಿರ್ದಿ ಹೇಳಿತು. 1979ರ ಮೇ ತಿಂಗಳ ಪುಟಗಳಲ್ಲಿ ದಿನ ಬಿಡದೆ ‘ಶಿರಸಿ ಬಸ್ ಚಾರ್ಜು, ಇಂಜೆಕ್ಷನ್ ಬಗ್ಗೆ’ ಎಂದಿದೆ. ಆಗಿನದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಲಸಿಕೆ; ಹೊಕ್ಕುಳ ಸುತ್ತ ದಿನಕ್ಕೊಂದರಂತೆ 14 ಚುಚ್ಚುಮದ್ದು. 2005ರ ಹೊತ್ತಿಗೆ ನಮ್ಮ ದೇಶದಲ್ಲಿ ಅದರ ಕಾಲ ಮುಗಿಯಿತು. ಈಗ ತೋಳಿಗೆ, ಕೆಲವೇ ಬಾರಿ. ಪುಟ ನೋಡುತ್ತಿದ್ದ ಹುಡುಗಿ, “ಅತ್ತೆ, ಚಾರ್ಜು ಇಬ್ಬರದ್ದು” ಎಂದಳು. ಹೌದು, ಅದಕ್ಕೂ ಹಿಂದಿನ ತಿಂಗಳು ಅಪ್ಪಯ್ಯ ಒಬ್ಬನೇ ಪೇಟೆಗೆ ಹೋದಾಗ ಬರೆದದ್ದರ ಸರಿಯಾಗಿ ಎರಡರಷ್ಟು. ಆಯಿ ತಾನು ಹೋಗಲಿಲ್ಲ ಎಂದಳು. ಜೊತೆಗೆ ಹೋದವರು ಯಾರು?

ನಮ್ಮಲ್ಲಿ ಬಹಳ ವರ್ಷ ಅಡಿಕೆ ಕೊನೆ ಕೊಯ್ದ ಗೌಡರು ಈಗ ಮಕ್ಕಳ ಮನೆಯಲ್ಲಿ, ಹೊಳೆಯಾಚೆ ಇದ್ದಾರೆ. ಮನೆಯ ನಾಯಿಗಳು ಸತ್ತಾಗ ಹುಗಿದವರು ಅವರೇ ಎಂಬುದು ನೆನಪಾಗಿ ಹೋದೆವು. ನಿಜವಾಗಿ ನಾವು ಮೊದಲು ಹೋಗಬೇಕಾಗಿದ್ದುದು ಅಲ್ಲಿಗೇ. ನಾಯಿ ಜೀವಂತ ಇದ್ದಾಗ ಹೇಗಿತ್ತು ಎಂಬುದು ನಮ್ಮ ಪಾಲಿನ ನೆನಪು. ಸತ್ತ ಮೇಲಿನದು ಅವರ ಪಾಲಿನದು. ಸೊಪ್ಪಿನ ಬೆಟ್ಟದಲ್ಲಿ ಯಾವುದು ಎಲ್ಲಿದೆ ಎಂದು ಕೂತಲ್ಲಿಂದಲೇ ಕೈಮಾಡಿ ಹೇಳಿದರು: ಕಾಳು ಮತ್ತಿಮರದ ಬುಡಕ್ಕೆ, ಜಿಮ್ಮಿ ಅಗಳದ ಮೇಲೆ. ಎರಡು ಕಾಳುಗಳಿದ್ದವು ಎಂಬ ನಮ್ಮ ಸಂಶೋಧನೆಗೆ ಅವರು ನಕ್ಕರು. “ಮೂರು ಅಮ್ಮ” ಎಂದರು.

ದಾಸುವಿನ ವಿಷಯ ಎತ್ತಿದಾಗ ನಿಧಾನವಾದರು. “ನಿಮ್ಮ ಅಪ್ಪಯ್ಯ ಕೈ ಹಾಕುವ ಮೊದಲು ನಾನೇ ಹಾಕಿ ನೋಡಿದ್ದೆ. ಬೀಜ ಸಿಗಲಿಲ್ಲ ಎಂದೆ. ಅವರಿಗೆ ಸಮಾಧಾನವಾಗದೆ ತಾವೂ ನೋಡಿದರು” ಎಂದರು. ಮಾರನೆಯ ದಿನ ನಾಯಿಗೆ ನಡೆಯಲಾಗಲಿಲ್ಲ. ಬೆಳೆ ಕಾಯುವ ಪರವಾನಗಿಯ ಕೋವಿ ಇದ್ದ ನೆರೆಯವರು ಬಂದರು. ಅಪ್ಪಯ್ಯ ಪಕ್ಕಕ್ಕೆ ನಿಂತಿದ್ದ. ಆಮೇಲೆ ಇಬ್ಬರೂ ಒಂದೇ ಬಸ್ಸಿಗೆ ಹತ್ತಿ, ಆಸ್ಪತ್ರೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತು, ಅಂಗಿ ಎತ್ತಿ ಹೊಟ್ಟೆಗೆ ಚುಚ್ಚಿಸಿಕೊಂಡು ಬಂದರು. “ಊರಿನಲ್ಲಿ ಅವರು ನನ್ನ ಜೊತೆ ಕೂತು ಚಹಾ ಕುಡಿದವರಲ್ಲ ಅಮ್ಮ. ಪೇಟೆಯಲ್ಲಿ ಆ ಹದಿನಾಲ್ಕು ದಿನವೂ ಕುಡಿದರು.” ಕಿರ್ದಿಯಲ್ಲಿ ಚಹಾದ ಲೆಕ್ಕ ಇರಲಿಲ್ಲ. ಬೆಂಕಿಪೆಟ್ಟಿಗೆ ಬರೆದವನು ಅದನ್ನು ಏಕೆ ಬರೆಯಲಿಲ್ಲ ಎಂದು ಊಹಿಸುವುದು ಕಷ್ಟವಲ್ಲ. ಪುಸ್ತಕವನ್ನು ಅಜ್ಜನೂ ನೋಡುತ್ತಿದ್ದ.

ಜಿಮ್ಮಿಯದು ಬೇರೆಯೇ ಕಥೆ. ತೊಂಬತ್ತರ ದಶಕದ್ದು. ಮಳೆಗಾಲದಲ್ಲಿ ಅವಳ ಮೂಗಿನಿಂದ ರಕ್ತ ಬರತೊಡಗಿತು. ನಮ್ಮ ಕಡೆ ನಾಯಿಯ ಮೂಗಿನಲ್ಲಿ ರಕ್ತ ಎಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಉಂಬಳ, ಅಂದರೆ ಜಿಗಣೆ, ಹೊಕ್ಕಿದೆ. ಬಾಯಾರಿದ ನಾಯಿಯ ಮೂಗಿನ ಹತ್ತಿರ ನೀರಿನ ಬೋಗುಣಿ ಹಿಡಿದರೆ ಉಂಬಳ ನೀರಿನಾಸೆಗೆ ತಲೆ ಹೊರಹಾಕುತ್ತದೆ, ಆಗ ಹಿಡಿದೆಳೆಯಬೇಕು. ಹಾಗೆ ಎಳೆದದ್ದನ್ನು ನಾನೇ ಬೇರೆ ನಾಯಿಗಳಲ್ಲಿ ಕಂಡಿದ್ದೇನೆ. ಜಿಮ್ಮಿಗೆ ಬೋಗುಣಿ ಹಿಡಿದರು, ಹೊಗೆಸೊಪ್ಪಿನ ನೀರು ಬಿಟ್ಟರು. ಏನೂ ಬರಲಿಲ್ಲ. ಅನ್ನ ಬಿಟ್ಟಳು, ಸೊರಗಿದಳು, ನವರಾತ್ರಿಯ ಹೊತ್ತಿಗೆ ಹೋದಳು.

ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: ಮೈಮೇಲೆ ಉಣುಗು ಇತ್ತೇ? ಇರದೆ ಏನು, ಕಿವಿಯ ಒಳಗೆ ಗೊಂಚಲು ಗೊಂಚಲು. ಹಾಗಾದರೆ ಉಣುಗಿನ ಜ್ವರವೇ ಇರಬೇಕು ಎಂದಳು. ನಾಯಿಯ ಕಂದು ಉಣುಗು ಕಚ್ಚಿ ಹರಡುವ ಎರ್ಲಿಚಿಯಾ ಎಂಬ ರೋಗಾಣು ರಕ್ತ ಹೆಪ್ಪುಗಟ್ಟಿಸುವ ಕಣಗಳನ್ನು ಕಡಿಮೆ ಮಾಡುತ್ತದೆ, ಮೂಗಿನಿಂದ ರಕ್ತ ಬರುತ್ತದೆ. ಉಣುಗು ಎಂದ ಕೂಡಲೇ ಅಣ್ಣ ಮಂಗನ ಕಾಯಿಲೆ ಎಂದ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಆ ಜ್ವರ ನಮ್ಮ ಪಕ್ಕದ ಸಿದ್ದಾಪುರದವರೆಗೂ ಬಂದದ್ದರಿಂದ ನಮಗೆ ಆ ಭಯ ಸಹಜ. ಅದನ್ನು ಹರಡುವ ಕಾಡಿನ ಉಣುಗೇ ಬೇರೆ, ಇದು ಬೇರೆ ಎಂದು ಬಿಡಿಸಿ ಹೇಳಿದಳು.

ಆಗ ಆಯಿ ಕೇಳಿದಳು: “ಕೂಸೇ, ಅದಕ್ಕೆ ಆಗ ಮದ್ದು ಇತ್ತೇ?”

ಡಾಕ್ಸಿಸೈಕ್ಲಿನ್ ಎಂಬ ಮಾತ್ರೆ ಆ ಹೊತ್ತಿಗೆ ಬಂದು ಎಷ್ಟೋ ವರ್ಷಗಳಾಗಿದ್ದವು. ಹುಡುಗಿ ಸುಳ್ಳು ಹೇಳಲಿಲ್ಲ. “ಇತ್ತು ಅಜ್ಜಿ” ಎಂದಳು. ಅಣ್ಣ ಎದ್ದು ಕೊಟ್ಟಿಗೆಗೆ ಹೋದ. ಜಿಮ್ಮಿ ಅವನ ನಾಯಿ. ಅವನು ತೋಟಕ್ಕೆ ಇಳಿದರೆ ಅವಳೂ ಇಳಿಯುತ್ತಿದ್ದಳು, ಅವನು ಶಿರಸಿಗೆ ಹೋದ ದಿನ ಬಸ್ ನಿಲ್ಲುವಲ್ಲಿ ಸಂಜೆಯವರೆಗೆ ಕಾಯುತ್ತಿದ್ದಳು. ಕಾರಣ ಹುಡುಕುವ ಕೆಲಸ ಇಷ್ಟಕ್ಕೇ ಸಾಕು ಎಂದು ಅಂದು ನನಗೆ ಅನ್ನಿಸಿದ್ದು ಹೌದು. ನಿಲ್ಲಿಸೋಣವೇ ಎಂದು ರಾತ್ರಿ ಅಣ್ಣನನ್ನೇ ಕೇಳಿದೆ. “ಬರೆ. ಮಾತ್ರೆಯ ಹೆಸರನ್ನೂ ಬರೆ” ಎಂದ. ಬರೆದೆ.

ಮರಿಗಳ ಸಾವುಗಳನ್ನು ಬೇಗ ಮುಗಿಸಿದೆವು. ರಕ್ತಭೇದಿಯಾಗಿ ಒಂದು ಸೂಲಿನ ಮರಿಗಳೆಲ್ಲ ಸತ್ತದ್ದು ತನ್ನ ಮದುವೆಗೆ ಮೊದಲು ಎಂದು ಅತ್ತೆ, ಅಪ್ಪಿಕೋ ವರ್ಷ ಎಂದು ಅಣ್ಣ. ಮರಿಗಳಿಗೆ ಇಂಥ ರಕ್ತಭೇದಿ ತರುವ ಪಾರ್ವೊ ವೈರಸ್ ಜಗತ್ತಿನಲ್ಲಿ ಬೆಳಕಿಗೆ ಬಂದದ್ದೇ 1978ರ ಸುಮಾರಿಗೆ, ಆದ್ದರಿಂದ ಅತ್ತೆ ಹೇಳಿದ ಕಾಲವಾದರೆ ಅದು ಪಾರ್ವೊ ಅಲ್ಲ, ಕೊಕ್ಕೆಹುಳವೋ ಮತ್ತೊಂದೋ ಎಂದು ಹುಡುಗಿ ಎರಡನ್ನೂ ಬರೆಸಿದಳು.

ಪ್ರೀತಿಯ ನಾಯಿಗಳ ನೆನಪು ಎಂದಾಗ ಎಲ್ಲವೂ ನಿಯತ್ತಿನ ಮೂರ್ತಿಗಳಾಗಿಬಿಡುತ್ತವೆ. ನಾನು ಅದಕ್ಕೆ ಒಪ್ಪಲಾರೆ. ಬೊಗ್ಗ ಶುದ್ಧ ಕಳ್ಳ. ಆಲೆಮನೆಯ ಕಾಲದಲ್ಲಿ ಜೋನಿಬೆಲ್ಲದ ಡಬ್ಬಿಗೆ ಮೂತಿ ಹಾಕಿ, ಮೂತಿಗೆ ಇರುವೆ ಮುತ್ತಿಸಿಕೊಂಡು ಬಂದು, ಏನೂ ಗೊತ್ತಿಲ್ಲದವನಂತೆ ಜಗಲಿಯಲ್ಲಿ ಮಲಗುವವನು. ಒಮ್ಮೆ ಶ್ರಾದ್ಧದ ದಿನ ವಡೆ ಕದ್ದು ಮಡಿಯಲ್ಲಿದ್ದ ಅಜ್ಜಿಯನ್ನು ಮುಟ್ಟಿಕೊಂಡೇ ಓಡಿದ. ಅಜ್ಜಿ ಮತ್ತೆ ಸ್ನಾನ ಮಾಡಬೇಕಾಯಿತು. ಅದೇ ಅಜ್ಜಿ ದಿನಾ ಬೆಳಿಗ್ಗೆ ಮೊದಲ ದೋಸೆ ಕೆಟ್ಟಿತೆಂದು ನೆಪ ಹೇಳಿ ಹಿತ್ತಿಲ ಬಾಗಿಲಿನಿಂದ ಎಸೆಯುತ್ತಿದ್ದುದೂ ಅವನಿಗೇ. ಅವಳ ಕಾವಲಿಯಲ್ಲಿ ದೋಸೆ ಕೆಡುವುದೆಂದರೆ ಯಾರೂ ನಂಬುವ ಮಾತಲ್ಲ. ಕಾವಲಿನ ಮಟ್ಟಿಗೆ ಬೊಗ್ಗನಿಂದ ಏನೂ ಆಗದು. ಕಾಡುಹಂದಿ ಗದ್ದೆಗೆ ಬಂದರೆ ಬೂದಿಯಿಂದ ಏಳುತ್ತಿರಲಿಲ್ಲ. ಅಂಚೆಯವನ ಖಾಕಿ ಕಂಡರೆ ಮಾತ್ರ ಬೇಲಿ ಹಾರುವವನು. ನನಗೆ ಇಲಾಖೆಯ ನೇಮಕ ಪತ್ರ ತಂದವನನ್ನೂ ಅಂಗಳದಾಚೆಯೇ ನಿಲ್ಲಿಸಿದ್ದ.

ಅವನನ್ನು ಚಿರತೆ ಒಯ್ದದ್ದು ಜಗಲಿಯಿಂದಲೇ. ಯಾರಿಗೂ ಸದ್ದು ಕೇಳಿಸಲಿಲ್ಲ. ಕುತ್ತಿಗೆ ಹಿಡಿದರೆ ಕೂಗಲು ಎಡೆಯಿರುವುದಿಲ್ಲ, ಊರಂಚಿನ ಚಿರತೆಗೆ ನಾಯಿ ಸುಲಭದ ಬೇಟೆ ಎಂದು ಹುಡುಗಿ ವಿವರಿಸಿದಳು. ಗೊತ್ತಿದ್ದ ವಿಷಯವೇ. ಮೊಳೆ ಹೊಡೆದ ಪಟ್ಟಿ ಕಟ್ಟಬೇಕೆಂದು ಅಪ್ಪಯ್ಯ ಹೇಳಿದ್ದ, ಕಟ್ಟಿಯೂ ಇದ್ದ. ಬೊಗ್ಗ ಅದನ್ನು ಕಂಬಕ್ಕೆ ಉಜ್ಜಿ ಉಜ್ಜಿ ಕಳಚಿ ಹಾಕಿದ್ದ. “ಜೀವಮಾನವಿಡೀ ಬೊಗಳಬೇಕಾದಾಗ ಬೊಗಳಲಿಲ್ಲ, ಅಂದೂ ಬೊಗಳಲಿಲ್ಲ, ಸೋಮಾರಿ” ಎಂದು ಆಯಿ ಈಗಲೂ ಬೈಯುತ್ತಾಳೆ. ಬೈಯುವಾಗ ಸೆರಗು ಕಣ್ಣಿಗೆ ಹೋಗುತ್ತದೆ.

ಅತ್ತೆ ಕುಮಟೆಗೆ ಒಯ್ದ ಪಾಂಡುವಿನ ಬಾಳು ಇವೆಲ್ಲಕ್ಕಿಂತ ಸುಖದ್ದು. ಬುಟ್ಟಿಯಲ್ಲಿ ಬಾಳೆಎಲೆ ಮುಚ್ಚಿ, ದೇವಿಮನೆ ಘಟ್ಟವಿಳಿಯುವ ಬಸ್ಸಿನಲ್ಲಿ ಕಾಲಡಿ ಇಟ್ಟುಕೊಂಡು ಹೋದಳು. ಘಟ್ಟದ ಮೇಲೆ ಮಜ್ಜಿಗೆ ಅನ್ನ ಉಂಡು ಬೆಳೆದ ಮರಿಗೆ ಕೆಳಗಿಳಿದ ಮೇಲೆ ಮೀನಿನ ಪರಿಚಯವಾಯಿತು. ಸಂಜೆಯಾದರೆ ನಾಪತ್ತೆ, ಬರುವಾಗ ಮೈಯೆಲ್ಲ ಬಂಗಡೆಯ ವಾಸನೆ. ಅತ್ತೆ ಅಂಟುವಾಳ ಹಾಕಿ ತಿಕ್ಕಿದಳು, ಕಟ್ಟಿದಳು, ಅತ್ತಳು. ಕೊನೆಗೆ ಅವನು ಮೀನುಗಾರರ ಕೇರಿಯಲ್ಲೇ ನೆಲೆಸಿ, ಹಬ್ಬಹುಣ್ಣಿಮೆಗೆ ನೆಂಟರ ಹಾಗೆ ಬಂದು ಉಂಡು ಹೋಗುತ್ತಿದ್ದ. ನಮ್ಮೆಲ್ಲ ನಾಯಿಗಳಲ್ಲಿ ಹೆಚ್ಚು ಕಾಲ ಬದುಕಿದವನು ಅವನೇ. ಸಾವಿನ ಕಾರಣದ ಮನೆಯಲ್ಲಿ ಹುಡುಗಿ ಹೆಮ್ಮೆಯಿಂದ ‘ಮುಪ್ಪು’ ಎಂದು ಬರೆದದ್ದೂ ಅವನೊಬ್ಬನಿಗೆ.

ಪುಸ್ತಕ ಒಂದು ಹದಕ್ಕೆ ಬಂದ ಮೇಲೆ ಪುಟಗಳ ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಅತ್ತೆಯ ಫೋನು ಆ ಮಧ್ಯಾಹ್ನವೇ ಬಂತು. ತಕರಾರು ದಾಸುವಿನದು. ಪೂರ್ಣ ಸೂರ್ಯಗ್ರಹಣದ ದಿನ ದಾಸು ಮನೆಯಲ್ಲಿದ್ದ ಎಂದು ಅವಳ ವಾದ. ಕಾರವಾರ, ಅಂಕೋಲೆಯ ಕಡೆಯಿಂದ ಆ ಗ್ರಹಣದ ನೆರಳು ಒಳನಾಡಿಗೆ ಬಂದದ್ದು 1980ರ ಫೆಬ್ರವರಿ 16ರ ಮಧ್ಯಾಹ್ನ. ಅದಕ್ಕೆ ಒಂಬತ್ತು ತಿಂಗಳು ಮೊದಲೇ ಕಿರ್ದಿಯ ಪ್ರಕಾರ ದಾಸು ಇಲ್ಲ. ಅಂದು ಇದ್ದದ್ದು ಮರಿ ಕಾಳು. ಅತ್ತೆ ಆಗ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಸುರಿಯನ್ನು ಗ್ರಹಣಕ್ಕೆ ತೋರಿಸಬಾರದೆಂದು ಅಜ್ಜಿ ಅವಳನ್ನು ನಡುಮನೆಯ ಕೋಣೆಗೆ ಹಾಕಿ, ಕಿಟಕಿ ಸಂದಿಗೆಲ್ಲ ಗೋಣಿ ತುರುಕಿ ಬಾಗಿಲು ಹಾಕಿದ್ದಳು. ಹೊರಗೆ ಹಗಲೇ ಕತ್ತಲಾದಾಗ ಒಂದು ನಾಯಿ ಆ ಬಾಗಿಲನ್ನು ಕೆರೆದು ಕುಂಯ್‌ಗುಟ್ಟಿತು. ಆ ಮನೆಯಲ್ಲಿ ನಾಯಿ ನಡುಮನೆಯವರೆಗೆ ಬಂದದ್ದು ಅದೊಂದೇ ಸಲ.

“ನೀವು ನೋಡಲಿಲ್ಲವಲ್ಲ ಅತ್ತೆ, ಬರೀ ಕೇಳಿದ್ದು” ಎಂದೆ.

“ಸಾಕಿದ ನಾಯಿಯ ದನಿ ಗುರುತು ಸಿಗುವುದಿಲ್ಲವೇನೇ? ಅದು ದಾಸುವೇ. ನಿನ್ನ ಅಪ್ಪಯ್ಯ ಇಸವಿ ತಪ್ಪು ಬರೆದಿದ್ದಾನೆ, ತಿದ್ದು” ಎಂದಳು.

ಕಿರ್ದಿಯನ್ನು ತಿದ್ದಲು ಬರುವುದಿಲ್ಲ ಎಂದೆ. ನಮ್ಮ ಪುಸ್ತಕದ ಷರಾ ಮನೆಯಲ್ಲಿ ‘ಕುಮಟಾ ಅತ್ತೆಯವರ ಪ್ರಕಾರ ದಾಸು’ ಎಂದು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೇನೆ. ಅವಳಿಗೆ ಪೆನ್ಸಿಲ್ ಸಾಲದಂತೆ, ಶಾಯಿ ಬೇಕಂತೆ. ಗ್ರಹಣದ ದಿನ ಇನ್ನೂ ಹುಟ್ಟಿರದಿದ್ದ ಅವಳ ಮಗನೂ ತಾಯಿಯ ಪಕ್ಷ ಹಿಡಿದು ನನಗೆ ಉದ್ದನೆಯ ಸಂದೇಶ ಕಳಿಸಿದ್ದಾನೆ.